ತಲೆಗೆ ಪೆಟ್ಟಾದ ಕಾರ್ಮಿಕನ ಪರಿಹಾರ: ಗಾರ್ಡಿಯನ್ ಮೂಲಕ ಕ್ಲೇಮ್ ಹಾಕುವುದು ಹೇಗೆ, ಯಾವುದು ಮೊದಲು, ಯಾವುದು ಆಮೇಲೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ಮಾಲೂರು ಕಡೆ ಕಾರ್ಖಾನೆಯಲ್ಲೋ ಕಟ್ಟಡದ ಕೆಲಸದಲ್ಲೋ ಬಿದ್ದು ತಲೆಗೆ ಪೆಟ್ಟಾಗಿ, ಮನೆಯವರ ಗುರುತೂ ಸಿಗದ ಸ್ಥಿತಿಗೆ ಬಂದವರ ಕುಟುಂಬಗಳು ಮತ್ತೆ ಮತ್ತೆ ಒಂದೇ ಜಾಗದಲ್ಲಿ ಎಡವುತ್ತಿವೆ. "ಮೊದಲು ಗಾರ್ಡಿಯನ್ (ಗಾಯಾಳುವಿನ ಪರವಾಗಿ ವ್ಯವಹಾರ ನೋಡಿಕೊಳ್ಳುವ ಪಾಲಕ) ಸರ್ಟಿಫಿಕೇಟ್ ತನ್ನಿ, ಆಮೇಲೆ ಕೇಸ್" ಅಂತ ಯಾರೋ ಹೇಳುತ್ತಾರೆ. ಅದಕ್ಕಾಗಿ ಆಫೀಸಿಂದ ಆಫೀಸಿಗೆ ಓಡಾಡುವಷ್ಟರಲ್ಲಿ ಪರಿಹಾರದ ಕ್ಲೇಮ್ ಹಾಕಲು ಇರುವ ಎರಡು ವರ್ಷದ ಗಡುವು ಮುಗಿದಿರುತ್ತದೆ. ಇಲ್ಲವೇ ಮಧ್ಯದಲ್ಲೇ ಕಂಟ್ರಾಕ್ಟರ್ ಬಂದು ಒಂದಿಷ್ಟು ದುಡ್ಡು ಕೊಟ್ಟು, ಛಾಪಾ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿರುತ್ತಾನೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಕ್ಲೇಮ್ ಅರ್ಜಿ ಮೊದಲು. ಗಾರ್ಡಿಯನ್ ಆದೇಶದ ಕೆಲಸ ಅದರ ಜೊತೆಜೊತೆಗೆ ನಡೆಯಲಿ. ದುಡ್ಡು ಮಾತ್ರ ಯಾವತ್ತೂ ಕೈಗೆ ಬೇಡ, ಕೋರ್ಟಿನ ಮೂಲಕವೇ ಬರಲಿ.

ಇನ್ನೊಂದು ವಿಷಯ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ 2020 ಜಾರಿಗೆ ಬಂದಿದೆ. ಅದಕ್ಕೂ ಮುಂಚೆ ಆದ ಅಪಘಾತಕ್ಕೆ 1923ರ ನೌಕರರ ಪರಿಹಾರ ಕಾಯ್ದೆಯೇ ಲೆಕ್ಕ. ಲೆಕ್ಕ ಹಾಕುವ ರೀತಿ, ಎರಡು ವರ್ಷದ ಗಡುವು ಎರಡರಲ್ಲೂ ಒಂದೇ ಥರ ಇವೆ. ಬೇರೆ ಕಾಯ್ದೆಯ ಹೆಸರು ಹೇಳದೆ ಕೆಳಗೆ ಬರುವ ಸೆಕ್ಷನ್ ನಂಬರುಗಳು 1923ರ ಕಾಯ್ದೆಯವು. ಅಪಘಾತದ ತಾರೀಖನ್ನು ವಕೀಲರಿಗೆ ಮೊದಲ ಮಾತಲ್ಲೇ ಹೇಳಿ, ಯಾವ ಕಾನೂನಿನಡಿ ಹೋಗಬೇಕು ಅನ್ನೋದು ಅಲ್ಲೇ ತೀರ್ಮಾನವಾಗುತ್ತದೆ.

ಹಂತ 1: ಗಾರ್ಡಿಯನ್ ನಿಜವಾಗಿ ಬೇಕಾ?

ಕೈ ಕಾಲು ಹೋಗಿದೆ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ, ಹಾಸಿಗೆ ಬಿಟ್ಟು ಏಳೋಕಾಗಲ್ಲ, ಆದರೆ ಬುದ್ಧಿ ಚೆನ್ನಾಗಿದೆ, ಹೇಳಿದ್ದು ಅರ್ಥವಾಗುತ್ತದೆ ಅಂದರೆ ಗಾರ್ಡಿಯನ್ ಬೇಡ. ಅವರೇ ಅರ್ಜಿದಾರರು. ಸಹಿ ಹಾಕಲು ಕೈ ಇಲ್ಲದಿದ್ದರೆ ಹೆಬ್ಬೆಟ್ಟು, ಅದೂ ಆಗದಿದ್ದರೆ ಕಾಲ್ಬೆರಳಿನ ಗುರುತು ಸಾಕ್ಷಿಗಳ ಮುಂದೆ ನಡೆಯುತ್ತದೆ. ಇಂಥವರ ಹೆಸರಲ್ಲಿ ಸುಮ್ನೆ ಗಾರ್ಡಿಯನ್ ಅರ್ಜಿ ಹಾಕಿದರೆ ಅವರ ಹಕ್ಕನ್ನೇ ನಾವು ಕಿತ್ತುಕೊಂಡ ಹಾಗಾಗುತ್ತದೆ.

ಗಾರ್ಡಿಯನ್ ಬೇಕಾಗುವುದು ಮೂರು ಸಂದರ್ಭಗಳಲ್ಲಿ. ಒಂದು, ಪ್ರಜ್ಞೆ ಇಲ್ಲ, ಕೋಮಾದಲ್ಲಿದ್ದಾರೆ. ಎರಡು, ಎಚ್ಚರವಿದ್ದರೂ ಮಿದುಳಿಗೆ ಪೆಟ್ಟಾಗಿ ದುಡ್ಡು ಕಾಸು, ಕಾಗದ ಪತ್ರದ ವಿಚಾರ ತಿಳಿಯುವುದಿಲ್ಲ. ಮೂರು, ಬೌದ್ಧಿಕ ಅಂಗವೈಕಲ್ಯ ಇದ್ದು, ಮೊದಲಿನಿಂದಲೇ ಗಾರ್ಡಿಯನ್ ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಿದ್ದವರು. ಈ ಮೂರನೆಯವರ ಬಗ್ಗೆ ಮಾಲೀಕರು "ಅವನಿಗೆ ಬುದ್ಧಿ ಸರಿಯಿಲ್ಲ, ಅವನು ನಮ್ಮ ಕಾರ್ಮಿಕನೇ ಅಲ್ಲ, ಪಾಪ ಅಂತ ಇಟ್ಟುಕೊಂಡಿದ್ದೆವು" ಅನ್ನೋದುಂಟು. ಅದು ನಿಲ್ಲುವ ಮಾತಲ್ಲ. ಕೂಲಿ ಕೊಟ್ಟು ಕೆಲಸ ಮಾಡಿಸಿಕೊಂಡಿದ್ದರೆ ಅವರೂ ಕಾರ್ಮಿಕರೇ, ಪರಿಹಾರದ ಹಕ್ಕು ಪೂರ್ತಿ ಇದೆ.

ಹಂತ 2: ಇಎಸ್‌ಐ ಇದೆಯಾ ಅಂತ ಮೊದಲು ನೋಡಿ

ಇಎಸ್‌ಐ ಅಂದರೆ ಸಂಬಳದಲ್ಲಿ ಕಡಿತವಾಗಿ ನಡೆಯುವ ಕಾರ್ಮಿಕರ ಸರ್ಕಾರಿ ವಿಮೆ. ಸಂಬಳ ತಿಂಗಳಿಗೆ 21,000 ರೂಪಾಯಿ ಒಳಗಿದ್ದು, ಸಂಸ್ಥೆ ಇಎಸ್‌ಐ ವ್ಯಾಪ್ತಿಗೆ ಬರುವುದಾದರೆ ದಾರಿಯೇ ಬೇರೆ. ಇಎಸ್‌ಐ ಕಾಯ್ದೆಯ ಸೆಕ್ಷನ್ 53ರ ಪ್ರಕಾರ, ಇಎಸ್‌ಐ ಇದ್ದವರು ಮಾಲೀಕನ ಮೇಲೆ ನೌಕರರ ಪರಿಹಾರದ ಕೇಸ್ ಹಾಕುವಂತಿಲ್ಲ. ಇದು ಗೊತ್ತಿಲ್ಲದೆ ಕೇಸ್ ಹಾಕಿ, ವರ್ಷಗಟ್ಟಲೆ ನಡೆಸಿ, ಕೊನೆಗೆ ವಜಾ ಆದ ಮೇಲೆ ಇಎಸ್‌ಐ ಕಚೇರಿಗೆ ಹೋಗುವವರಿದ್ದಾರೆ.

ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯಾ ನೋಡಿ. ಇದ್ದರೆ ಮಾಲೀಕರಿಂದ ಅಪಘಾತ ವರದಿ ಹೋಗಿದೆಯಾ ಅಂತ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಿ, ನೀವೂ ಒಂದು ಲಿಖಿತ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಚಿಕಿತ್ಸೆ ನಡೆಯುವಷ್ಟು ಕಾಲ ಸಂಬಳದ ಸುಮಾರು 90 ಶೇಕಡಾ ಸಿಗುತ್ತದೆ. ಶಾಶ್ವತ ಅಂಗವೈಕಲ್ಯ ಅಂತ ಮೆಡಿಕಲ್ ಬೋರ್ಡ್ ಹೇಳಿದರೆ ಜೀವನಪೂರ್ತಿ ತಿಂಗಳ ಹಣ ಬರುತ್ತದೆ. ಮಾಲೀಕ ಹೆಸರನ್ನೇ ನೋಂದಾಯಿಸಿಲ್ಲ ಅಂದರೂ ಕೈಬಿಡಬೇಡಿ, ಇಎಸ್‌ಐ ಕಾರ್ಮಿಕನಿಗೆ ಹಣ ಕೊಟ್ಟು ಮಾಲೀಕನಿಂದ ವಸೂಲು ಮಾಡಲು ಕಾನೂನಿನಲ್ಲೇ ದಾರಿ ಇದೆ.

ಇಎಸ್‌ಐ ಇಲ್ಲ, ಅಥವಾ ಸಂಬಳ ಮಿತಿ ಮೀರಿದೆ ಅಂದರೆ ಮುಂದಿನ ಹಂತಗಳು ನಿಮಗೇ.

ಲಾರಿ, ಟೆಂಪೋ, ಕಂಪನಿ ಬಸ್ಸಿನ ಅಪಘಾತವಾದರೆ ಇನ್ನೊಂದು ಆಯ್ಕೆ ಇದೆ. ಮೋಟಾರು ವಾಹನ ಕಾಯ್ದೆಯಡಿಯೋ, ನೌಕರರ ಪರಿಹಾರದಡಿಯೋ, ಯಾವುದಾದರೂ ಒಂದರಲ್ಲಿ ಮಾತ್ರ ಕ್ಲೇಮ್ ಮಾಡಬಹುದು. ಎದುರು ವಾಹನದ ತಪ್ಪಿದ್ದರೆ ಮೋಟಾರು ಕ್ಲೇಮ್‌ನಲ್ಲಿ ಆರೈಕೆಯವರ ಖರ್ಚೂ ಸೇರಿ ಜಾಸ್ತಿ ಬರುವ ಸಾಧ್ಯತೆ ಇದೆ, ಆದರೆ ಅಲ್ಲಿ ಗಡುವು ಬರೀ ಆರು ತಿಂಗಳು. ಗಾಡಿ ಓಡಿಸುತ್ತಿದ್ದ ಡ್ರೈವರ್‌ದೇ ತಪ್ಪು ಅಂತಿದ್ದರೆ ಅವರಿಗೆ ನೌಕರರ ಪರಿಹಾರವೇ ಗಟ್ಟಿ ದಾರಿ, ಯಾಕೆಂದರೆ ಇಲ್ಲಿ ತಪ್ಪು ಯಾರದ್ದು ಅನ್ನೋದು ಮುಖ್ಯ ಪ್ರಶ್ನೆಯೇ ಅಲ್ಲ.

ಹಂತ 3: ಕಾಗದ ಪತ್ರ ಈಗಲೇ ಹಿಡಿದಿಟ್ಟುಕೊಳ್ಳಿ

ಗಾಯಾಳು ತಾನೇ ಬಂದು ಸಾಕ್ಷಿ ಹೇಳಲಾರ. "ನಾನು ಅಲ್ಲೇ ಕೆಲಸ ಮಾಡ್ತಿದ್ದೆ, ಹೀಗೇ ಬಿದ್ದೆ" ಅಂತ ಹೇಳಲು ಅವನಿಗೆ ಬಾಯಿಲ್ಲ. ಹಾಗಾಗಿ ಬೇರೆ ಕೇಸುಗಳಿಗಿಂತ ಇಲ್ಲಿ ಕಾಗದಕ್ಕೂ ಜೊತೆ ಕೆಲಸಗಾರರ ಮಾತಿಗೂ ತೂಕ ಜಾಸ್ತಿ.

ಮೊದಲು ಆಸ್ಪತ್ರೆ. ದಾಖಲಿಸುವಾಗಲೇ ಎಂಎಲ್‌ಸಿ (ಪೊಲೀಸರಿಗೂ ತಿಳಿಸುವ ಆಸ್ಪತ್ರೆ ದಾಖಲೆ) ಮಾಡಿಸಿ, ಅದರಲ್ಲಿ "ಕೆಲಸದ ಸ್ಥಳದಲ್ಲಿ ಬಿದ್ದು" ಅಂತ ಬರೆದಿದ್ದಾರಾ ಅಂತ ಓದಿ ನೋಡಿ. ಕರೆದುಕೊಂಡು ಬಂದ ಸೂಪರ್‌ವೈಸರ್ "ಮನೆಯಲ್ಲಿ ಮೆಟ್ಟಿಲಿಂದ ಬಿದ್ದರು" ಅಂತ ಬರೆಸಿದರೆ ಮುಂದೆ ಆ ಒಂದು ಸಾಲನ್ನು ಅಳಿಸಲು ಬಹಳ ಕಷ್ಟ. ತಪ್ಪಿದ್ದರೆ ಅದೇ ದಿನ ಆಸ್ಪತ್ರೆಗೆ ಲಿಖಿತವಾಗಿ ತಿಳಿಸಿ, ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ನಿಮ್ಹಾನ್ಸ್‌ಗೆ ಕಳಿಸಿದರೆ ಅಲ್ಲಿಗೂ ಅದೇ ವಿವರ ಹೋಗಿದೆಯಾ ನೋಡಿ. ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ವರದಿ, ಔಷಧದ ಬಿಲ್ಲು, ಆಂಬುಲೆನ್ಸ್ ರಸೀದಿ ಒಂದನ್ನೂ ಎಸೆಯಬೇಡಿ. ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕ ಕೊಡಬೇಕು ಅಂತ 2009ರ ತಿದ್ದುಪಡಿಯಲ್ಲಿ ಬಂದಿದೆ.

ಆಮೇಲೆ ಕೆಲಸದ ಪುರಾವೆ. ಸಂಬಳದ ಚೀಟಿ, ಬ್ಯಾಂಕಿಗೆ ಬಿದ್ದ ಸಂಬಳ, ಪಿಎಫ್ ಪಾಸ್‌ಬುಕ್, ಗೇಟ್ ಪಾಸ್, ಐಡಿ ಕಾರ್ಡ್. ಇದ್ಯಾವುದೂ ಇಲ್ಲದಿದ್ದರೆ ಮೇಸ್ತ್ರಿ ಕಳಿಸಿದ ವಾಟ್ಸಾಪ್ ಮೆಸೇಜು, ಫೋನ್‌ಪೇನಲ್ಲಿ ಬಂದ ಕೂಲಿ. ಗಾಯಾಳುವಿನ ಫೋನನ್ನು ರೀಸೆಟ್ ಮಾಡಿ ಮಕ್ಕಳಿಗೆ ಕೊಟ್ಟುಬಿಡಬೇಡಿ, ಎಷ್ಟೋ ಪುರಾವೆ ಅದರೊಳಗೇ ಇರುತ್ತದೆ. ಜೊತೆಗಿದ್ದವರು ಬೇರೆ ರಾಜ್ಯದವರಾದರೆ ಊರಿಗೆ ಹೋಗುವ ಮುಂಚೆ ಅವರ ಪೂರ್ತಿ ವಿಳಾಸ ಬರೆದಿಟ್ಟುಕೊಳ್ಳಿ.

ಹಂತ 4: ಮಾಲೀಕರಿಗೆ ನೋಟಿಸ್

ಯಾರು, ಎಲ್ಲಿ, ಯಾವತ್ತು, ಹೇಗೆ ಗಾಯವಾಯಿತು ಅಂತ ಒಂದು ಪುಟದ ಪತ್ರ ಸಾಕು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಪತ್ರದಲ್ಲಿ ಸಣ್ಣಪುಟ್ಟ ತಪ್ಪಿದ್ದರೆ ಅಷ್ಟಕ್ಕೇ ಕ್ಲೇಮ್ ಬಿದ್ದುಹೋಗಲ್ಲ.

ಪತ್ರ ಯಾರಿಗೆ ಅನ್ನೋದು ದೊಡ್ಡ ವಿಷಯ. ಕಂಟ್ರಾಕ್ಟರ್ ಮೂಲಕ ಕೆಲಸಕ್ಕೆ ಹೋಗಿದ್ದರೆ ಕಂಟ್ರಾಕ್ಟರ್‌ಗೂ, ಯಾರ ಜಾಗದಲ್ಲಿ ಯಾರಿಗಾಗಿ ಕೆಲಸ ನಡೆಯುತ್ತಿತ್ತೋ ಆ ಮೂಲ ಮಾಲೀಕರಿಗೂ ಕಳಿಸಿ. ಸೆಕ್ಷನ್ 12ರ ಪ್ರಕಾರ ಮೂಲ ಮಾಲೀಕರಿಂದಲೇ ಪರಿಹಾರ ಕೇಳಬಹುದು. ಆಮೇಲೆ ಅವರು ಕಂಟ್ರಾಕ್ಟರ್‌ನಿಂದ ವಸೂಲು ಮಾಡಿಕೊಳ್ಳಲಿ, ಅದು ಅವರಿಬ್ಬರ ವ್ಯವಹಾರ. ಕಂಟ್ರಾಕ್ಟರ್ ಒಬ್ಬನ ಮೇಲೇ ಕೇಸ್ ಹಾಕಿ, ಅವನು ಆಫೀಸ್ ಮುಚ್ಚಿಕೊಂಡು ಹೋದ ಮೇಲೆ ಆದೇಶದ ಕಾಗದ ಮಾತ್ರ ಕೈಯಲ್ಲಿ ಉಳಿದವರನ್ನು ನೋಡಿದರೆ ಸಂಕಟವಾಗುತ್ತದೆ. ವಿಮೆ ಇದ್ದರೆ ಪಾಲಿಸಿ ವಿವರವನ್ನೂ ನೋಟಿಸಿನಲ್ಲೇ ಕೇಳಿ, ವಿಮಾ ಕಂಪನಿಯನ್ನೂ ಎದುರುದಾರರನ್ನಾಗಿ ಸೇರಿಸಬೇಕು.

ಹಂತ 5: ಕ್ಲೇಮ್ ಅರ್ಜಿ ಹಾಕುವುದು

ಅರ್ಜಿ ಗಾಯಾಳುವಿನ ಹೆಸರಲ್ಲೇ ಇರಬೇಕು. ಹೆಂಡತಿ "ನನ್ನ ಗಂಡನಿಗೆ ಹೀಗಾಗಿದೆ, ನನಗೆ ಪರಿಹಾರ ಕೊಡಿ" ಅಂತ ತನ್ನ ಹೆಸರಲ್ಲಿ ಹಾಕಿದರೆ ತಪ್ಪಾಗುತ್ತದೆ. ಗಾಯಾಳು ಬದುಕಿರುವ ತನಕ ಹಕ್ಕು ಅವರದ್ದು. ಅವಲಂಬಿತರ ಕ್ಲೇಮ್ ಬರುವುದು ಸಾವಿನ ಸಂದರ್ಭದಲ್ಲಿ ಮಾತ್ರ. ಹಾಗಾಗಿ "ಇಂಥವರು, ಮಾನಸಿಕವಾಗಿ ಅಸಮರ್ಥರಾಗಿರುವುದರಿಂದ, ಪತ್ನಿ ಇಂಥವರ ಮೂಲಕ" ಅಂತ ಅರ್ಜಿಯ ತಲೆಬರಹ ಇರಬೇಕು. ಹೀಗೆ ಪರವಾಗಿ ನಿಲ್ಲುವವರನ್ನು ಕೋರ್ಟಿನಲ್ಲಿ ನೆಕ್ಸ್ಟ್ ಫ್ರೆಂಡ್ ಅನ್ನುತ್ತಾರೆ.

ಇದಕ್ಕೆ ಮುಂಚಿತವಾಗಿ ಗಾರ್ಡಿಯನ್ ಸರ್ಟಿಫಿಕೇಟ್ ಬೇಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 32, ನಿಯಮ 15ರ ತತ್ವ ಏನೆಂದರೆ, ಬುದ್ಧಿಸ್ವಾಧೀನ ಇಲ್ಲ ಅಂತ ಮೊದಲೇ ಘೋಷಣೆ ಆಗಿರದಿದ್ದರೂ, ತನ್ನ ಹಿತ ಕಾಪಾಡಿಕೊಳ್ಳಲು ಆಗದವರು ಅಂತ ಕೋರ್ಟೇ ವಿಚಾರಿಸಿ ತಿಳಿದುಕೊಂಡರೆ ಸಾಕು. ನೆಕ್ಸ್ಟ್ ಫ್ರೆಂಡ್ ಆಗಲು ಅನುಮತಿ ಕೇಳುವ ಒಂದು ಅರ್ಜಿ, ಅದಕ್ಕೆ ನರರೋಗ ಅಥವಾ ಮನೋರೋಗ ತಜ್ಞರ ಪ್ರಮಾಣಪತ್ರ, ಇಷ್ಟನ್ನೂ ಕ್ಲೇಮ್ ಜೊತೆಗೇ ಸಲ್ಲಿಸಿ.

ಎಲ್ಲಿ ಸಲ್ಲಿಸಬೇಕು? ನಮ್ಮ ರಾಜ್ಯದಲ್ಲಿ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟುಗಳು ನೌಕರರ ಪರಿಹಾರದ ಕಮಿಷನರ್ ಆಗಿ ಕೆಲಸ ಮಾಡುತ್ತಾ ಬಂದಿವೆ. ಹೊಸ ಸಂಹಿತೆಯಲ್ಲಿ "ಸಕ್ಷಮ ಪ್ರಾಧಿಕಾರ" ಅನ್ನುತ್ತಾರೆ. ಅಪಘಾತ ಹೊಸೂರಲ್ಲೋ ಬೆಂಗಳೂರಲ್ಲೋ ಆಗಿದ್ದರೂ ಅಲ್ಲಿಗೇ ಅಲೆಯಬೇಕಿಲ್ಲ, ಕ್ಲೇಮ್ ಮಾಡುವವರು ವಾಸವಿರುವ ಊರಿನ ವ್ಯಾಪ್ತಿಯಲ್ಲೂ ಹಾಕಬಹುದು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ಬಿಟ್ಟು ಬರಬೇಕಾದ ಹೆಂಗಸಿಗೆ ಇದು ಎಷ್ಟು ದೊಡ್ಡ ಅನುಕೂಲ ಅಲ್ವಾ?

ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕೋಲಾರದ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಸಹಾಯವಾಣಿ 15100. ತಾಲ್ಲೂಕುಗಳಲ್ಲೂ ಸಮಿತಿ ಇದೆ.

ಗಡುವು: ಅಪಘಾತದ ದಿನದಿಂದ ಎರಡು ವರ್ಷ. ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಬಹುದು, ಆದರೆ ಅದು ಸಿಕ್ಕೇ ಸಿಗುತ್ತದೆ ಅಂತ ನಂಬಿ ಕೂರಬೇಡಿ. ಪ್ರಜ್ಞೆ ಇಲ್ಲದವರಿಗೆ ಗಡುವು ತಾನಾಗೇ ನಿಲ್ಲುತ್ತದೆ ಅನ್ನುವವರ ಮಾತನ್ನೂ ನಂಬಿ ಕಾಯಬೇಡಿ.

ಹಂತ 6: ಗಾರ್ಡಿಯನ್ ಆದೇಶ, ಸರಿಯಾದ ಬಾಗಿಲು ಯಾವುದು

ಕ್ಲೇಮ್ ಹಾಕಿದ ಮೇಲೆ ಈ ಕೆಲಸ ಶುರು ಮಾಡಿ. ಪರಿಹಾರದ ಕೇಸಿಗೆ ನೆಕ್ಸ್ಟ್ ಫ್ರೆಂಡ್ ಸಾಕಾದರೂ ಬ್ಯಾಂಕು, ಪಿಎಫ್, ಆಸ್ತಿ, ವಿಮೆಯ ವಿಚಾರಕ್ಕೆ ಗಾರ್ಡಿಯನ್ ಆದೇಶ ಬೇಕಾಗುತ್ತದೆ. ಇಲ್ಲಿ ತಪ್ಪು ಬಾಗಿಲು ತಟ್ಟುವವರೇ ಜಾಸ್ತಿ.

ಜಿಲ್ಲಾಧಿಕಾರಿ ಮುಖ್ಯಸ್ಥರಾಗಿರುವ ಸ್ಥಳೀಯ ಮಟ್ಟದ ಸಮಿತಿ ಇದೆ. ಅದು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಮೊದಲಿಂದ ಬೌದ್ಧಿಕ ಅಂಗವೈಕಲ್ಯ ಇದ್ದ ಕಾರ್ಮಿಕನಿಗೆ ಇದೇ ಸುಲಭದ ದಾರಿ. ಕಾರ್ಖಾನೆಯಲ್ಲಿ ತಲೆಗೆ ಪೆಟ್ಟಾದವರು ಸಾಮಾನ್ಯವಾಗಿ ಈ ಪಟ್ಟಿಯೊಳಗೆ ಬರುವುದಿಲ್ಲ, ಅಲ್ಲಿಂದ ವಾಪಸ್ ಕಳಿಸುತ್ತಾರೆ.

ಎಚ್ಚರವಿದ್ದೂ ತೀರ್ಮಾನ ತೆಗೆದುಕೊಳ್ಳಲಾಗದವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 14ರಲ್ಲಿ ಸೀಮಿತ ಗಾರ್ಡಿಯನ್ ನೇಮಕವಿದೆ. ಅದಕ್ಕೆ ಜಿಲ್ಲಾ ನ್ಯಾಯಾಲಯ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ. ಸೀಮಿತ ಅಂದರೆ ಗಾರ್ಡಿಯನ್ ಒಬ್ಬರೇ ತೀರ್ಮಾನ ಮಾಡುವುದಲ್ಲ, ಗಾಯಾಳುವಿನ ಇಷ್ಟ ಕೇಳಿ ಇಬ್ಬರೂ ಸೇರಿ ಮಾಡುವುದು. ಪೂರ್ತಿ ಕೋಮಾದಲ್ಲಿರುವವರಿಗೆ ನೇರವಾದ ಕಾಯ್ದೆ ಇಲ್ಲ, ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಕೇರಳ ಹೈಕೋರ್ಟ್ 2019ರಲ್ಲಿ ಇಂಥ ಅರ್ಜಿಗಳಿಗೆ ಮಾರ್ಗಸೂಚಿ ಹಾಕಿಕೊಟ್ಟಿದೆ, ವಕೀಲರು ಅದನ್ನು ಉಲ್ಲೇಖಿಸುತ್ತಾರೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನಾಮನಿರ್ದೇಶಿತ ಪ್ರತಿನಿಧಿ ಅಂತ ಒಬ್ಬರಿರುತ್ತಾರೆ. ಅವರ ಅಧಿಕಾರ ಚಿಕಿತ್ಸೆಗೆ ಮಾತ್ರ, ದುಡ್ಡಿಗಲ್ಲ.

ಇನ್ನು ಜಿಪಿಎ. ಪ್ರಜ್ಞೆ ಇಲ್ಲದವರ ಹೆಬ್ಬೆಟ್ಟು ಒತ್ತಿಸಿ ಜನರಲ್ ಪವರ್ ಆಫ್ ಅಟಾರ್ನಿ ಮಾಡಿಸುವುದು ಅಪಾಯ. ತಿಳಿವಳಿಕೆ ಇಲ್ಲದಾಗ ಮಾಡಿದ ಕರಾರು ಕಾನೂನಿನ ಮುಂದೆ ಸೊನ್ನೆ. ಎದುರು ವಕೀಲರು ಅದೇ ತಾರೀಖಿನ ಆಸ್ಪತ್ರೆ ಕೇಸ್ ಶೀಟ್ ತೋರಿಸಿದರೆ ಇಡೀ ಕೇಸಿನ ಮೇಲೇ ಅನುಮಾನ ಬರುತ್ತದೆ.

ಗಾರ್ಡಿಯನ್ ಯಾರಾಗಬೇಕು ಅನ್ನೋದನ್ನೂ ಯೋಚಿಸಿ. ನಮ್ಮ ಕಡೆ ಕೆಲಸಕ್ಕೆ ಕರೆದುಕೊಂಡು ಹೋದ ಮೇಸ್ತ್ರಿ ಎಷ್ಟೋ ಸಲ ಭಾವನೋ ಚಿಕ್ಕಪ್ಪನ ಮಗನೋ ಆಗಿರುತ್ತಾನೆ. ಅವನು ಒಳ್ಳೆಯವನೇ ಇರಬಹುದು. ಆದರೂ ಪರಿಹಾರ ಕೊಡಬೇಕಾದ ಕಡೆಯವನು ಪರಿಹಾರ ಕೇಳುವ ಕಡೆ ನಿಲ್ಲಬಾರದು.

ಹಂತ 7: ಮೊತ್ತದ ಲೆಕ್ಕ, ಡಾಕ್ಟರ್ ಸಾಕ್ಷಿ

ಶಾಶ್ವತ ಪೂರ್ಣ ಅಸಮರ್ಥತೆಗೆ ಸೂತ್ರ ಹೀಗಿದೆ: ತಿಂಗಳ ಸಂಬಳದ 60 ಶೇಕಡಾವನ್ನು ವಯಸ್ಸಿನ ಗುಣಕದಿಂದ (ವಯಸ್ಸಿಗೆ ತಕ್ಕಂತೆ ಕಾಯ್ದೆಯ ಪಟ್ಟಿಯಲ್ಲಿ ಕೊಟ್ಟಿರುವ ಸಂಖ್ಯೆ) ಗುಣಿಸಬೇಕು. 2020ರ ಜನವರಿ 3ರ ಅಧಿಸೂಚನೆ ಪ್ರಕಾರ ಸಂಬಳವನ್ನು 15,000ದವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಗುಣಕ 25 ವರ್ಷಕ್ಕೆ 216.91, 30ಕ್ಕೆ 207.98, 40ಕ್ಕೆ 184.17, 50ಕ್ಕೆ 153.09.

ಉದಾಹರಣೆಗೆ ವಯಸ್ಸು 30, ಸಂಬಳ 22,000, ಇಎಸ್‌ಐ ಇಲ್ಲ. ಹಿಡಿಯುವುದು 15,000. ಅದರ 60 ಶೇಕಡಾ 9,000. 207.98ರಿಂದ ಗುಣಿಸಿದರೆ 18,71,820 ರೂಪಾಯಿ. ದುಡಿಯುವ ಶಕ್ತಿ 60 ಶೇಕಡಾ ಮಾತ್ರ ಹೋಗಿದೆ ಅಂತಾದರೆ 11,23,092. ಅಪಘಾತವಾಗಿ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ 12 ಶೇಕಡಾ ಬಡ್ಡಿ, ಸರಿಯಾದ ಕಾರಣವಿಲ್ಲದೆ ತಡ ಮಾಡಿದ್ದರೆ 50 ಶೇಕಡಾದವರೆಗೆ ದಂಡ. ದಂಡವನ್ನು ವಿಮಾ ಕಂಪನಿ ಕಟ್ಟುವುದಿಲ್ಲ, ಮಾಲೀಕರೇ ಕಟ್ಟಬೇಕು. ಬಡ್ಡಿ, ದಂಡ, ಆಸ್ಪತ್ರೆ ಖರ್ಚು ಮೂರನ್ನೂ ಅರ್ಜಿಯಲ್ಲೇ ಬರೆದು ಕೇಳಿ.

ಎಲ್ಲರೂ ಸೋಲುವ ಜಾಗ ಒಂದಿದೆ. ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) 50 ಶೇಕಡಾ ಅಂಗವೈಕಲ್ಯ ಅಂತ ಇದ್ದ ಮಾತ್ರಕ್ಕೆ ಪರಿಹಾರವೂ 50 ಶೇಕಡಾ ಆಗಬೇಕಿಲ್ಲ. ಕಾಯ್ದೆ ಕೇಳುವುದು ದುಡಿಯುವ ಶಕ್ತಿ ಎಷ್ಟು ಹೋಯಿತು ಅಂತ. 1976ರಲ್ಲಿ ಸುಪ್ರೀಂ ಕೋರ್ಟ್ ಎಡಗೈ ಕಳೆದುಕೊಂಡ ಬಡಗಿಯ ಕೇಸಿನಲ್ಲಿ, ಒಂದೇ ಕೈಯಲ್ಲಿ ಬಡಗಿ ಕೆಲಸ ಆಗದು ಅಂತ 100 ಶೇಕಡಾ ನಷ್ಟ ಒಪ್ಪಿಕೊಂಡಿತು. ಹಾಗೇ, ನೆನಪಿನ ಶಕ್ತಿ ಹೋದ ಎಲೆಕ್ಟ್ರಿಷಿಯನ್ ಮತ್ತೆ ತಂತಿ ಮುಟ್ಟಲಾರ. ಅವನ ಕೈಕಾಲು ಗಟ್ಟಿಯಾಗಿವೆ ಅಂತ ಕಡಿಮೆ ಶೇಕಡಾ ಬರೆದರೆ ಅನ್ಯಾಯ. ನಿಮ್ಹಾನ್ಸ್‌ನಂಥ ಕಡೆ ನೆನಪು, ಗಮನ, ತೀರ್ಮಾನ ಶಕ್ತಿಯ ಪರೀಕ್ಷೆ ಮಾಡಿಸಿ, ಅವರು ಮಾಡುತ್ತಿದ್ದ ಕೆಲಸ ಯಾವುದು ಅಂತ ಡಾಕ್ಟರಿಗೆ ಬಿಡಿಸಿ ಹೇಳಿ. ಚಿಕಿತ್ಸೆ ಕೊಟ್ಟ ಡಾಕ್ಟರೇ ಸಾಕ್ಷಿ ಹೇಳಿದರೆ ಬಲ ಜಾಸ್ತಿ.

"ಕುಡಿದಿದ್ದ, ಹೆಲ್ಮೆಟ್ ಹಾಕಿರಲಿಲ್ಲ" ಅನ್ನುವ ವಾದಕ್ಕೆ ಹೆದರಬೇಡಿ. ಸಾವು ಅಥವಾ ಶಾಶ್ವತ ಪೂರ್ಣ ಅಸಮರ್ಥತೆ ಆಗಿದ್ದರೆ ಸೆಕ್ಷನ್ 3ರ ಪ್ರಕಾರ ಮಾಲೀಕರಿಗೆ ಈ ತಕರಾರು ಸಿಗುವುದಿಲ್ಲ. ಕೆಲಸಕ್ಕೆ ಹೋಗುವಾಗ ಬರುವಾಗ ದಾರಿಯಲ್ಲಿ ಆದ ಅಪಘಾತವೂ ಕೆಲಸದ ಜೊತೆ ಸಂಬಂಧ ತೋರಿಸಿದರೆ ಹೊಸ ಸಂಹಿತೆಯಡಿ ಸೇರುತ್ತದೆ.

ಹಂತ 8: ರಾಜಿ ಮಾತು ಬಂದಾಗ

ಸೆಕ್ಷನ್ 8ನ್ನು ಪ್ರತಿ ಕುಟುಂಬವೂ ತಿಳಿದಿರಬೇಕು. ಕಾನೂನಿನ ಕಣ್ಣಲ್ಲಿ ಅಸಮರ್ಥರಾದವರಿಗೆ ಇಡಿಗಂಟಾಗಿ ಕೊಡುವ ಪರಿಹಾರವನ್ನು ಕಮಿಷನರ್ ಬಳಿ ಠೇವಣಿ ಇಟ್ಟೇ ಕೊಡಬೇಕು. ಮಾಲೀಕರು ನೇರವಾಗಿ ಕೊಟ್ಟ ದುಡ್ಡನ್ನು ಪರಿಹಾರ ಅಂತಲೇ ಪರಿಗಣಿಸುವುದಿಲ್ಲ. ಗಾಯಗೊಂಡವರು ಮಹಿಳೆಯಾದರೂ ಇದೇ ನಿಯಮ. ಅಂದರೆ ಯಾರೋ ಮನೆಗೆ ಬಂದು ಎರಡು ಲಕ್ಷ ಕೊಟ್ಟು "ಮುಗೀತು" ಅಂತ ಬರೆಸಿಕೊಂಡಿದ್ದರೆ ಅದು ಮುಗಿದಿಲ್ಲ. ಈಗಲೂ ಕ್ಲೇಮ್ ಹಾಕಿ, ತೆಗೆದುಕೊಂಡ ದುಡ್ಡನ್ನು ಮುಚ್ಚಿಡದೆ ಅರ್ಜಿಯಲ್ಲಿ ಹೇಳಿ. ಹಕ್ಕು ಬಿಟ್ಟುಕೊಡುತ್ತೇನೆ ಅನ್ನುವ ಕರಾರು ಸೆಕ್ಷನ್ 17ರ ಪ್ರಕಾರ ಅನೂರ್ಜಿತ. ಮಾಲೀಕರು ಆಸ್ಪತ್ರೆಗೆ ಕಟ್ಟಿದ ಬಿಲ್ಲನ್ನು ಪರಿಹಾರದಲ್ಲಿ ಕಡಿತ ಮಾಡುವಂತೆಯೂ ಇಲ್ಲ.

ನಿಜವಾಗಿ ಒಳ್ಳೆಯ ಮೊತ್ತಕ್ಕೆ ರಾಜಿ ಬಂದರೆ ಒಪ್ಪಬಹುದು, ಆದರೆ ಒಪ್ಪಂದವನ್ನು ಕಮಿಷನರ್ ಮುಂದೆ ನೋಂದಾಯಿಸಲೇಬೇಕು. ಮೊತ್ತ ಕಡಿಮೆ ಅನಿಸಿದರೆ, ಮೋಸ ಕಂಡರೆ ಅವರು ನಿರಾಕರಿಸಬಹುದು. "ನೋಂದಣಿ ಯಾಕೆ, ನಮ್ಮ ನಮ್ಮಲ್ಲೇ ಮುಗಿಸೋಣ", "ಈ ವಾರದಲ್ಲೇ ಸಹಿ ಹಾಕಿ, ಇಲ್ಲಾಂದ್ರೆ ಇದೂ ಇಲ್ಲ", "ಖಾಲಿ ಕಾಗದಕ್ಕೆ ಸಹಿ ಸಾಕು, ಆಫೀಸಲ್ಲಿ ಬರ್ಕೋತೀವಿ" ಅನ್ನುವ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 9: ಆದೇಶ ಆದ ಮೇಲೆ ದುಡ್ಡು

ಆದೇಶದ ವಿರುದ್ಧ ಹೈಕೋರ್ಟಿಗೆ ಹೋಗಲು 60 ದಿನ. ಮಾಲೀಕರು ಮೇಲ್ಮನವಿ ಹಾಕಬೇಕಾದರೆ ಮೊದಲು ಆದೇಶದ ಮೊತ್ತ ಠೇವಣಿ ಇಡಬೇಕು. ಕೊಡದೆ ಸತಾಯಿಸಿದರೆ ಭೂಕಂದಾಯ ಬಾಕಿಯಂತೆ ವಸೂಲು ಮಾಡಿಸಬಹುದು.

ಠೇವಣಿ ಬಂದ ಮೇಲೆ ಅದನ್ನು ಗಾಯಾಳುವಿನ ಹಿತಕ್ಕಾಗಿ ಹೇಗೆ ಇಡಬೇಕು ಅಂತ ಕಮಿಷನರ್ ಹೇಳುತ್ತಾರೆ. ಹೆಚ್ಚಾಗಿ ಬ್ಯಾಂಕಿನಲ್ಲಿ ನಿಗದಿತ ಠೇವಣಿ. ಇದನ್ನು ಕಂಡು ಕೆಲವರು "ನಮ್ಮ ದುಡ್ಡು ನಮಗೇ ಕೊಡ್ತಿಲ್ಲ" ಅಂತ ಬೇಸರ ಮಾಡಿಕೊಳ್ಳುತ್ತಾರೆ. ಮುಂದಿನ ಇಪ್ಪತ್ತು ಮೂವತ್ತು ವರ್ಷ ಆ ಮನುಷ್ಯನನ್ನು ಸಾಕಬೇಕಾದ ಗಂಟು ಇದು, ಸಾಲಗಾರರ ಕೈಗೆ ಹೋಗಬಾರದು. ಪರಿಹಾರದ ಹಣವನ್ನು ಸಾಲಕ್ಕೆ ಜಪ್ತಿ ಮಾಡುವಂತಿಲ್ಲ ಅಂತ ಸೆಕ್ಷನ್ 9 ಹೇಳುತ್ತದೆ. ತಿಂಗಳ ಬಡ್ಡಿ ಕೈಗೆ ಬರುವ ಹಾಗೆ ಮಾಡಿ, ಫಿಸಿಯೋಥೆರಪಿ, ಡೈಪರ್, ಆರೈಕೆಯವರ ಸಂಬಳದ ಅಂದಾಜು ಪಟ್ಟಿ ಕೊಟ್ಟು ಇಂತಿಷ್ಟು ಈಗಲೇ ಬಿಡುಗಡೆ ಮಾಡಿ ಅಂತ ಅರ್ಜಿಯಲ್ಲೇ ಕೇಳಿ. ಆಪರೇಷನ್‌ನಂಥ ದೊಡ್ಡ ಖರ್ಚು ಬಂದಾಗ ಬಿಲ್ಲಿನ ಅಂದಾಜಿನ ಸಮೇತ ಮತ್ತೆ ಅರ್ಜಿ ಹಾಕಬಹುದು.

ಗಾರ್ಡಿಯನ್ ಆದವರು ಒಂದು ಪುಸ್ತಕ ಇಟ್ಟು ಲೆಕ್ಕ ಬರೆಯಲಿ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ನೇಮಕವಾಗಿದ್ದರೆ ಆರು ತಿಂಗಳೊಳಗೆ ಆಸ್ತಿ ಪಟ್ಟಿ, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಸಲ್ಲಿಸಬೇಕು. ಬೇರೆ ಆದೇಶಗಳಲ್ಲಿ ಕೋರ್ಟ್ ಹಾಕಿದ ಷರತ್ತನ್ನು ಓದಿಕೊಂಡು ಅದರಂತೆ ನಡೆಯಿರಿ.

ಕೇಸ್ ನಡೆಯುವಾಗಲೇ ಗಾಯಾಳು ಅದೇ ಪೆಟ್ಟಿನಿಂದ ತೀರಿಕೊಂಡರೆ ವಕೀಲರಿಗೆ ತಕ್ಷಣ ತಿಳಿಸಿ, ಕ್ಲೇಮ್ ಅವಲಂಬಿತರ ಹೆಸರಿಗೆ ಬದಲಾಗಬೇಕು, ಲೆಕ್ಕವೂ ಸಂಬಳದ 50 ಶೇಕಡಾದ ಮೇಲೆ ಬರುತ್ತದೆ. ಮರಣೋತ್ತರ ಪರೀಕ್ಷೆ ಬಿಡಬೇಡಿ, ಸಾವಿಗೆ ಆ ಪೆಟ್ಟೇ ಕಾರಣ ಅಂತ ತೋರಿಸಲು ಅದೇ ಮುಖ್ಯ ದಾಖಲೆ.

ತಲೆಗೆ ಪೆಟ್ಟಾದವರು ನಿಧಾನವಾಗಿ ಚೇತರಿಸಿಕೊಳ್ಳುವುದೂ ಇದೆ. ಮಾತು ಬಂದು, ವ್ಯವಹಾರ ತಿಳಿಯುವಂತಾದರೆ ಹೊಸ ವೈದ್ಯಕೀಯ ವರದಿ ಹಿಡಿದು ಗಾರ್ಡಿಯನ್ ಆದೇಶ ರದ್ದು ಮಾಡಿಸಿ, ಉಳಿದ ಠೇವಣಿ ಅವರ ಸ್ವಂತ ಸಹಿಯಲ್ಲೇ ನಡೆಯುವಂತೆ ಅರ್ಜಿ ಹಾಕಿ.